ಎಡಗಡೆಯ ಕಂಬ

ಅಮ್ಮಾ,

ಇವತ್ತು ಅಪ್ಪನನ್ನು ಆ ದೊಡ್ಡ ಬಂಗಲೆಗೆ ಕರೆದುಕೊಂಡು ಹೋಗಿದ್ದೆ. ನೀನು ಕಣ್ಣುಮುಚ್ಚಿದ ಮೇಲೆ ಅವರು ಮನೆಯಿಂದ ಹೊರಗೆ ಬಂದದ್ದು ಇದೇ ಮೊದಲು. ನಿಮ್ಮ ಮದುವೆಯಾದ ಹೊಸದರಲ್ಲಿ ಅಪ್ಪ ಅಲ್ಲಿನ ಅಗ್ಗಿಷ್ಟಿಕೆಗೆ ಮರದ ಚೌಕಟ್ಟು ಕೆತ್ತಿಕೊಟ್ಟಿದ್ದರಲ್ಲ, ಅದರ ಬಣ್ಣ ಕೀಳುವ ಕೆಲಸ ಈಗ ನನಗೇ ಬಂದಿದೆ. ಆ ಕಾಲಕ್ಕೆ ಎರಡು ಕಡೆ ಕಂಬ, ಕಂಬಕ್ಕೆ ದ್ರಾಕ್ಷಿ ಬಳ್ಳಿ, ಮೇಲೆ ಗಡಿಯಾರ ಇಡಲು ಅಗಲವಾದ ಹಲಗೆ ಇದ್ದರೇನೇ ಅಂತಸ್ತು. ಆಮೇಲೆ ಸಾದಾ ಗೋಡೆಗಳ ಕಾಲ ಬಂತು. ಯಾರೋ ಎಲ್ಲಕ್ಕೂ ಬಿಳಿ ಬಣ್ಣ ಬಳಿದುಬಿಟ್ಟಿದ್ದರು.

ಬಣ್ಣ ಬಿಡಿಸಿ ನೋಡಿದರೆ, ಬಲಗಡೆಯ ಎಲೆಗಳು ಅಚ್ಚು ಹೊಡೆದ ಹಾಗೆ ಒಂದೇ ಸಮ ಇದ್ದವು. ಎಡಗಡೆಯವು ಗಾಳಿಗೆ ಮಗುಚಿಕೊಂಡ ಹಾಗಿದ್ದವು, ಒಂದರಂತೆ ಇನ್ನೊಂದಿಲ್ಲ.

"ಇದು ನಿಮ್ಮ ಕೈಕೆಲಸ ಅಲ್ಲ, ಅಲ್ವಾ ಅಪ್ಪಾ?" ಅಂದೆ.

ಅಪ್ಪ ಆ ಎಲೆಗಳ ಮೇಲೆ ಮೆಲ್ಲಗೆ ಬೆರಳಾಡಿಸಿದರು. "ನಿಮ್ಮಮ್ಮಂದು. ನಾನು ಜ್ವರ ಬಂದು ಮಲಗಿದ್ದೆ, ಅವಳೇ ಮುಗಿಸಿದ್ಲು. ನೋಡು, ನನ್ನದಕ್ಕಿಂತ ಎಷ್ಟು ಚೆನ್ನಾಗಿದೆ."

ನೀನು ಬರೀ ಮರಳುಕಾಗದ ಉಜ್ಜುತ್ತಿದ್ದವಳು ಅಂತಲೇ ನಾನು ತಿಳಿದಿದ್ದೆ. ನೀನೂ ಒಂದು ದಿನವೂ ತುಟಿ ಪಿಟಕ್ಕೆನ್ನಲಿಲ್ಲ.

ಅಷ್ಟರಲ್ಲಿ ಮನೆಯೊಡತಿ ಟೀ ತಂದರು. "ಈ ಎಡಗಡೆ ಕಂಬಕ್ಕೆ ಜೀವ ಇದೆ ನೋಡಿ ಯಜಮಾನ್ರೇ. ನಿಮ್ಮ ಕೈಗೆ ದೃಷ್ಟಿಯಾದೀತು," ಅಂದರು.

"ನನ್ನದಲ್ಲಮ್ಮ, ನನ್ನ ಹೆಂಡ್ತಿದು," ಅಂದರು ಅಪ್ಪ.

"ಅಯ್ಯೋ, ಹಾಗಾದ್ರೆ ಅವರನ್ನೂ ಕರ್ಕೊಂಡು ಬರೋದಲ್ವಾ?"

ಅಪ್ಪ ಲೋಟ ಕೆಳಗಿಟ್ಟರು. "ಹೌದಮ್ಮ. ಕರ್ಕೊಂಡು ಬರ್ಬೇಕಾಗಿತ್ತು," ಅಂದರು.