ವೈರ್ ಹಿಡಿದು ಕೂತವನು

ಜನವರಿ ೧೧, ರವಿವಾರ

ಮತ್ತೆ ಅದೇ ಅದುರಾಟ. ಮೋಟರ್ ಚಾಲೂ ಮಾಡಿದರೆ ಟೆಲಿಸ್ಕೋಪು ಚಳಿಜ್ವರ ಬಂದವರ ಹಾಗೆ ನಡುಗುತ್ತದೆ. ಮೋಟರ್ ಹಳೆಯ ಪ್ರಿಂಟರಿನಿಂದ ಬಿಚ್ಚಿದ್ದು, ಆದರೆ ತಪ್ಪು ಅದರದ್ದಲ್ಲ. ಪ್ಲೈವುಡ್ ಸ್ಟ್ಯಾಂಡಿನದು. ಅಪ್ಪ ನೋಡಿ ನಕ್ಕ. "ಇದರ ಕಾಲು ಗಟ್ಟಿ ಇಲ್ಲವಾ. ತಡಿ, ಗ್ಯಾರೇಜಿನ್ಯಾಗ ಕಬ್ಬಣದ್ದು ವೆಲ್ಡಿಂಗ್ ಮಾಡಿ ತರ್ತೇನಿ."

ಜನವರಿ ೧೮, ರವಿವಾರ, ಸಂಜೆ

ಅಪ್ಪನ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಅದುರಾಟ ನಿಂತಿತು! ಗುರು ಗ್ರಹ ನಟ್ಟನಡುವೆ ಕೂತಿದೆ, ಜಾರುತ್ತಿಲ್ಲ. ಆಕಾಶ ಸರಿದಷ್ಟೇ ನಿಧಾನ ಮೋಟರೂ ಸರಿಯುತ್ತಿದೆ. ಅಪ್ಪ ಇಟ್ಟ ಕಣ್ಣು ತೆಗೆಯಲೇ ಇಲ್ಲ. "ಸಮತಾ, ಬಾಜೂಕ ಸಣ್ಣ ಚುಕ್ಕಿ ಅದಾವಲ್ಲ?" ಅದರ ಚಂದ್ರರು ಅಂದೆ. ಅಡುಗೆಮನೆಯಲ್ಲಿದ್ದ ಅವ್ವನನ್ನು ಕೂಗಿದ — "ಏ ಗುತ್ತೆವ್ವಾ, ಎಲ್ಲಾ ಬಿಟ್ಟು ಮ್ಯಾಲೆ ಬಾ!"

ನಮ್ಮ ಕಾಲೇಜಿನ ಫಿಸಿಕ್ಸ್ ವಿಭಾಗದ ಹಿರಿಯರು ಕರಬಸಪ್ಪ ಸರ್. ಅವರಿಗೆ ಫೋಟೊ ಕಳಿಸಿದೆ. ಶನಿವಾರ ನೋಡಲು ಬರುತ್ತಾರಂತೆ, ಇನ್ನಿಬ್ಬರ ಜೊತೆ. ಅದೂ ಮನೆಗೆ! ಗೆಸ್ಟ್ ಲೆಕ್ಚರರ್ ಆಗಿ ಸೇರಿದಾಗ ಸ್ಟಾಫ್‌ರೂಮಿನಲ್ಲಿ ಯಾರೋ "ನೀವು ಯಾವ ಪೈಕಿರಿ?" ಅಂತ ಜಾತಿ ಕೇಳಿದ್ದರು. ದುಂಡಸಿ ಕಡೆಯವರು ಅಂತ ಊರಿನ ಹೆಸರು ಹೇಳಿ ಜಾರಿಕೊಂಡಿದ್ದೆ.

ಜನವರಿ ೨೪, ಶನಿವಾರ

ಸರ್ ಮತ್ತು ಜೊತೆಯವರನ್ನು ಹೊರಗಿನ ಮೆಟ್ಟಿಲಿಂದಲೇ ಮಾಳಿಗೆಗೆ ಕರೆದೊಯ್ದೆ. ಒಳಗಿಂದ ಹೋದರೆ ಪಡಸಾಲೆ, ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರು. ಒಳಗೆ ಲೈಟಿಲ್ಲ ಅಂತ ಸುಳ್ಳು ಹೇಳಿದೆ.

ಬ್ಯಾಟರಿಯ ಕ್ಲಿಪ್ ಸಡಿಲಾಗಿತ್ತು. ಅಪ್ಪ ಗ್ಯಾರೇಜಿನ ಬಟ್ಟೆಯಲ್ಲೇ ವೈರ್ ಒತ್ತಿ ಹಿಡಿದು ಕೂತಿದ್ದ. ಚಂದ್ರನ ಕುಳಿಗಳನ್ನು ನೋಡಿ ಸರ್ "ಭಾರೀ ಮಾಡೀರಿ ಮೇಡಂ!" ಅಂದರು. ಆಮೇಲೆ, ಸುಮ್ಮನೆ ಮಾತಿಗೆ, "ಇವರು ಯಾರ್ರಿ?"

"ಗ್ಯಾರೇಜಿನವರ್ರಿ. ಕೆಲಸಕ್ಕ ಬಂದಾರ."

ನನ್ನದೇ ಬಾಯಿ. ಯಾರೂ ಒತ್ತಾಯ ಮಾಡಿರಲಿಲ್ಲ.

ಅಪ್ಪ ತಲೆ ಎತ್ತಲಿಲ್ಲ. "ಹೂಂರಿ" ಅಂದ.

"ಒಂದ್ ತಂಬಿಗಿ ನೀರು ತಾರಪಾ" ಅಂತ ಸರ್ ಅವನಿಗೆ ಹೇಳಿದಾಗಲೂ ಸುಮ್ಮನಿದ್ದೆ. ಅಪ್ಪ ಇಳಿದು ಹೋಗಿ ತಂದುಕೊಟ್ಟ. ಮತ್ತೆ ವೈರ್ ಕೈಗೆತ್ತಿಕೊಂಡು ನನ್ನ ಕಡೆ ತಿರುಗಿದ.

"ಮೇಡಂ, ಹಿಂಗ ಹಿಡೀಲೇನ್ರಿ?"

ಜನವರಿ ೨೫

ಏನು ಬರೆಯಲಿ...

ಫೆಬ್ರವರಿ ೬, ಶುಕ್ರವಾರ, ಸ್ಟಾಫ್‌ರೂಮ್

ಅಪ್ಪ ಅವತ್ತಿನಿಂದ ಮಾಳಿಗೆ ಹತ್ತಿಲ್ಲ. ಸಿಟ್ಟಿಲ್ಲ, ಮಾತೂ ಬಿಟ್ಟಿಲ್ಲ. ದಿನಾ "ಉಂಡ್ಯಾ?" ಅಂತ ಕೇಳುತ್ತಾನೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಈಗಷ್ಟೇ ಸರ್ ಬಂದಿದ್ದರು. ಹಾನಗಲ್ಲಿನ ವಿಜ್ಞಾನ ಪ್ರದರ್ಶನಕ್ಕೆ ಟೆಲಿಸ್ಕೋಪನ್ನು ಒಯ್ಯೋಣ ಅಂದರು. "ಆ ಗ್ಯಾರೇಜಿನಂವನ್ನೂ ಕರ್ಕೊಂಡು ಬರ್ರಿ. ಎತ್ತಿ ಇಡಾಕ ಮಂದಿ ಬೇಕಲ್ಲ."

ಈ ಸಲ ಹೇಳಿದೆ. "ಸರ್, ಅವರು ನಮ್ಮಪ್ಪರಿ. ಮಾಳಪ್ಪ ಅಂತ. ಆ ಸ್ಟ್ಯಾಂಡ್ ಅವರೇ ಮಾಡಿದ್ದು."

ಸರ್ ಚಹಾದ ಕಪ್ಪು ಕೆಳಗಿಟ್ಟರು. "ಅಲ್ರೀ... ನಾ ಅವರ ಕಡೆ ನೀರು ತರಿಸಿದ್ನಲ್ಲ. ನೀವಾದ್ರೂ ಒಂದ್ ಮಾತು ಹೇಳಬಾರದಿತ್ತ?"

"ಹೇಳಬೇಕಾಗಿತ್ತರಿ."

ಅವರ ಮುಖ ನಾಚಿಕೆಗೆ ಕೆಂಪಾಗಿತ್ತು. ಚಹಾ ಹಾಗೇ ಬಿಟ್ಟು ಎದ್ದುಹೋದರು. ನಾನು ಇಷ್ಟು ದಿನ ಹೆದರಿದ್ದ 'ಯಾವ ಪೈಕಿ' ಅನ್ನುವ ಪ್ರಶ್ನೆ ಅವರು ಕೇಳಲೇ ಇಲ್ಲ. ಅಪ್ಪನನ್ನು ನಾನು ಮಾರಿದ್ದು ಯಾವ ಹೆದರಿಕೆಗೆ?

ಅದೇ ದಿನ, ಸಂಜೆ

ಅಪ್ಪ ಬಚ್ಚಲಲ್ಲಿ ಗ್ರೀಸ್ ತೊಳೆಯುತ್ತಿದ್ದ. ಹಾನಗಲ್ಲಿಗೆ ನೀನೂ ಬಾ ಅಂದೆ.

"ಏನಂತ ಬರ್ಲವಾ?"

ಚುಚ್ಚಿ ಕೇಳಿದ್ದಲ್ಲ. ಯಾವ ಅಂಗಿ ಹಾಕಿಕೊಳ್ಳಲಿ ಅನ್ನುವಷ್ಟು ಸಾದಾ ಕೇಳಿದ, ನಾನು ಹೇಳಿದ ಹಾಗೆ ಬರಲು ತಯಾರಾಗಿ.

ಒಳಗೆ ಬಂದು ಡೈರಿ ತೆರೆದು ಕೂತಿದ್ದೇನೆ. ಸರ್ ಮುಂದೆ ನಿಜ ಹೇಳಿಯಾಯಿತು, ಅಪ್ಪನ ಮುಂದೆ ಇನ್ನೂ ತಪ್ಪು ಒಪ್ಪಿಕೊಂಡಿಲ್ಲ... ಟವೆಲಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಾನೆ. ಉತ್ತರಕ್ಕೆ ಕಾಯುತ್ತಿದ್ದಾನೆ. ಏಳಬೇಕು. ಎಲ್ಲಿಂದ ಶುರು ಮಾಡಲಿ. ಅಪ್ಪಾ, ಅವತ್ತು ನಾ—