ಸವೆದ ಬೆರಳಿಗೆ ಗೈರುಹಾಜರಿ

ಹಳ್ಳಿಯವರಿಗೆ ಕೆಲಸ ಕಲಿಸಲೆಂದು ಅನುದಾನ ಮಂಜೂರು ಮಾಡುವ ಮಾನ್ಯರೇ,

ದುಡಿದು ಬೆರಳು ಸವೆದವರಿಗೆ ನಿಮ್ಮ ತರಬೇತಿ ಇಲ್ಲ ಎಂದು ಪ್ರಕಟಣೆಯಲ್ಲೇ ಹಾಕಿಬಿಡಿ. ಉದ್ಯಾವರದ ದೀಕ್ಷಿತಾಳ ನಲವತ್ತೈದು ದಿನವಾದರೂ ಉಳಿಯುತ್ತಿತ್ತು.

ದೀಕ್ಷಿತಾ ಬಲೆ ಹೆಣೆಯುವ ದೇಜಪ್ಪನವರ ಮಗಳು. ಶಾಲೆ ಮುಗಿದಂದಿನಿಂದ ಅಪ್ಪನ ಪಕ್ಕ ಕೂತು ಹರಿದ ಬಲೆ ಕಟ್ಟುತ್ತಾಳೆ. ನೈಲಾನ್ ನೂಲು ಅವಳ ಬೆರಳಿನ ಗೆರೆಗಳನ್ನು ತಿಂದುಹಾಕಿದೆ. ಕಾಪುವಿನ ನಿಮ್ಮ ಕೇಂದ್ರದಲ್ಲಿ ದೋಣಿ ಎಂಜಿನ್ ರಿಪೇರಿ ಕಲಿಯಲು ಸೇರಿದಳು. ತರಬೇತಿಯ ನಲವತ್ತೈದು ದಿನದಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ಹಾಜರಿ ಯಂತ್ರವೂ ಅಷ್ಟೇ ನಿಷ್ಠೆಯಿಂದ ಒಂದು ದಿನವೂ ಅವಳ ಬೆರಳನ್ನು ಒಪ್ಪಲಿಲ್ಲ.

“ಸರಿಯಾಗಿ ಒತ್ತಮ್ಮ,” ಎಂದರು ಕೇಂದ್ರದ ಗುಮಾಸ್ತರು.

“ಇನ್ನೂ ಒತ್ತಿದ್ರೆ ನಿಮ್ಮ ಮೆಷಿನ್ ಮೇಜಿನ ಒಳಗೆ ಹೋಗ್ತದೆ ಸರ್.”

“ಹಾಗಾದ್ರೆ ಹದಿನೈದು ದಿನ ಬಲೆ ಕೆಲಸ ಬಿಡು. ಗೆರೆ ವಾಪಸ್ ಬರ್ತದೆ.”

ಕೇಳಿಸಿತೇ? ಕೆಲಸ ಕಲಿಯಬೇಕಾದರೆ ಮೊದಲು ಕೆಲಸ ಬಿಡಬೇಕು. ಇಂಥ ಜ್ಞಾನೋದಯಕ್ಕೆ ಸರ್ಕಾರದ ಅನುದಾನ ಬೇಕೇ ಬೇಕು.

ಯಂತ್ರ ಮೆಚ್ಚಿದ ಬೆರಳುಗಳೂ ಇವೆ. ಬೆಳಿಗ್ಗೆ ಬೈಕಿನಲ್ಲಿ ಬಂದು, ಬೆರಳೊತ್ತಿ, ಹಾಗೆಯೇ ಮಣಿಪಾಲದ ಕಡೆ ತಿರುಗಲು ಹೋದ ಹನ್ನೊಂದು ಮಂದಿ ಇಂದು ನಿಮ್ಮ ಪ್ರಮಾಣಪತ್ರ ಪಡೆದ ಮೆಕ್ಯಾನಿಕ್‌ಗಳು. ಸಮಾರೋಪಕ್ಕೆ ನೀವು ಬಂದ ದಿನ, ಫೋಟೊಕ್ಕೆಂದು ಇಟ್ಟ ಎಂಜಿನ್ ಕೆಮ್ಮಿ ನಿಂತಿತು. ಪೈಪಿನಲ್ಲಿ ಸಿಕ್ಕಿದ್ದ ಕಸ ತೆಗೆದು ಅದನ್ನು ಓಡಿಸಿದ್ದು, ನಿಮ್ಮ ದಾಖಲೆಯ ಪ್ರಕಾರ ಕೇಂದ್ರಕ್ಕೇ ಬಾರದ, ಹಾಗಾಗಿ ಪ್ರಮಾಣಪತ್ರವೂ ಸಿಗದ ಹುಡುಗಿ. ಚಪ್ಪಾಳೆ ತಟ್ಟಿದಿರಲ್ಲ, ಅದು ಯಾರಿಗೆ?

ಮಲ್ಪೆಯಲ್ಲಿ ವರ್ಕ್‌ಶಾಪ್ ಇಟ್ಟಿರುವ ಲೂಯಿಸ್ ಅವಳಿಗೆ ಕೆಲಸ ಕೊಡುವವರಿದ್ದಾರೆ. “ಜಾಗ ಉಂಟು ಮಗಾ. ಆದ್ರೆ ದೋಣಿಯವರು ಸರ್ಟಿಫಿಕೇಟ್ ಕೇಳ್ತಾರೆ. ಆಗಸ್ಟ್ ಒಂದಕ್ಕೆ ಮೀನುಗಾರಿಕೆ ನಿಷೇಧ ಮುಗಿದು ಬೋಟು ಕಡಲಿಗೆ ಇಳಿಯುವವರೆಗೆ ಕಾಯ್ತೇನೆ, ಮತ್ತೆ ಬೇರೆಯವರನ್ನು ತೆಕ್ಕೊಳ್ಬೇಕಾಗ್ತದೆ,” ಎಂದಿದ್ದಾರೆ. ಉಳಿದಿರುವುದು ಹನ್ನೆರಡು ದಿನ.

ದೇಜಪ್ಪನವರು ನಿಮ್ಮ ಕಚೇರಿಗೆ ಬಂದು, “ಅವಳು ದಿನಾ ಬಂದದ್ದನ್ನು ಕೇಂದ್ರದಲ್ಲಿ ಕಲಿಸುವ ಮೇಷ್ಟ್ರು ನೋಡಿದ್ದಾರಲ್ವಾ?” ಎಂದು ಕೇಳಿದರು. “ಸಿಸ್ಟಮ್ ನೋಡಿಲ್ಲ,” ಎಂದಿರಿ.

“ಎಂತ ಮಾರಾಯ್ರೆ, ಕಣ್ಣು ಇರುವುದು ಮೇಷ್ಟ್ರಿಗೋ ಅದಕ್ಕೋ?”

ನೀವು ಫೈಲು ಮುಚ್ಚಿದಿರಿ. ಅನುದಾನ ಪೂರ್ತಿ ಬಳಕೆಯಾಗಿದೆ ಎಂಬ ವರದಿ ಮಾತ್ರ ಮೇಲಕ್ಕೆ ಹೋಗಿದೆ.

ನಮಗೆ ನಿಮ್ಮ ಕನಿಕರ ಬೇಡ, ವಿಚಾರಣಾ ಸಮಿತಿಯೂ ಬೇಡ. ಈ ಶುಕ್ರವಾರ ಮಲ್ಪೆ ಬಂದರಿಗೆ ಬನ್ನಿ. ಕೆಟ್ಟ ಎಂಜಿನ್ ನಾವು ತರುತ್ತೇವೆ. ಆ ಹನ್ನೊಂದು ಮಂದಿಯನ್ನು ನೀವು ಕರೆತನ್ನಿ. ದೀಕ್ಷಿತಾ ಒಬ್ಬಳೇ ಬರುತ್ತಾಳೆ. ಎಂಜಿನ್ ಯಾರ ಕೈಗೆ ಓಗೊಡುತ್ತದೋ ಅವರ ಪ್ರಮಾಣಪತ್ರಕ್ಕೆ ಅಲ್ಲೇ ಸಹಿ ಹಾಕಿ. ಆಗದೆಂದರೆ, ನಿಮ್ಮ ಮೆಕ್ಯಾನಿಕ್‌ಗಳು ರಿಪೇರಿ ಮಾಡಿದ ದೋಣಿಯಲ್ಲಿ ಈ ಮಳೆಗಾಲದ ಕಡಲಿಗೆ ಮೊದಲು ನೀವೇ ಹೋಗಿಬನ್ನಿ.

ಇಂತಿ,
ಆಯುಸ್ಸೆಲ್ಲ ಕರಪತ್ರ ಬರೆದೂ ಬೆರಳ ಗೆರೆ ಒಂದೂ ಅಳಿಯದ ನಾಚಿಕೆಯಲ್ಲಿ,
ಹೂವಪ್ಪ, ಉದ್ಯಾವರ