ಒಂದೇ ಲಾರಿಯಲ್ಲಿ ಹೋದವರ ಅಹವಾಲು

ಭೂಪಟವನ್ನೂ ಜನಗಣತಿಯನ್ನೂ ಒಂದೇ ಮೇಜಿನ ಮೇಲಿಟ್ಟುಕೊಂಡಿರುವ ಮಾನ್ಯ ಅಧಿಕಾರಿಗಳೇ,

ತಮ್ಮ ಭೂಪಟದ ಪ್ರಕಾರ ನಮ್ಮೂರು ಕೆರೆಯ ನಟ್ಟನಡುವೆ ಇದೆ. ತಮ್ಮ ಗಣತಿಯ ಪ್ರಕಾರ ಅಲ್ಲಿ ಯಾರೂ ಇಲ್ಲ. ಎರಡನ್ನೂ ಕೂಡಿಸಿ ಓದಿದರೆ ನಾವೆಲ್ಲ ಮುಳುಗಿ ಸತ್ತೆವೆಂದು ಅರ್ಥ. ಆದರೆ ನಾವು ಕೆರೆಯ ಈಚೆ, ಗುಡ್ಡದ ಬೆನ್ನಿಗೆ, ಒಣನೆಲದ ಮೇಲೆ ಗುಂಡುಕಲ್ಲಿನ ಹಾಗೆ ಇದ್ದೇವೆ.

ಭೂಪಟದಲ್ಲಿ ಊರಿನ ಚುಕ್ಕಿ ಎಲ್ಲಿದ್ದರೇನು ಎಂದು ತಾವು ಕೇಳಬಹುದು. ಹೋದ ಚಳಿಗಾಲದಲ್ಲಿ ನನ್ನ ಹೆಂಡತಿ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡಳು. ಆಂಬುಲೆನ್ಸು ತಮ್ಮ ಚುಕ್ಕಿಯನ್ನೇ ನಂಬಿ ಹೊರಟು ಆಚೆ ದಡದಲ್ಲಿ ನಿಂತಿತು. “ಸಾರ್, ನಾನು ನೀರಿನ ಹತ್ರ ಇದೀನಿ. ನೀವು ಎಷ್ಟು ಒಳಗಿದೀರಾ?” ಎಂದು ಚಾಲಕ ಫೋನಿನಲ್ಲಿ ಕೇಳಿದ. ಕೊನೆಗೆ ನಾನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವಳನ್ನು ಮಲಗಿಸಿ, ಊರವರೆಲ್ಲ ಸೇರಿ ಮೇಜು ಸಮೇತ ಆಚೆ ದಡಕ್ಕೆ ಹೊತ್ತೊಯ್ದೆವು.

ಇದನ್ನು ಸರಿಪಡಿಸಿ ಎಂದು ಬೇಡಿಕೊಳ್ಳಲು ಊರಿಗೆ ಊರೇ ಲಾರಿ ಹತ್ತಿ ತಮ್ಮ ಕಚೇರಿಗೆ ಬಂದೆವು. ಅದೇ ದಿನ ತಮ್ಮ ಗಣತಿದಾರರು ದಾರಿಹೋಕರನ್ನು ಕೇಳಿಕೊಂಡು ನಮ್ಮೂರಿಗೆ ಬಂದರು. ಊರಲ್ಲಿ ಉಳಿದಿದ್ದವರು ನನ್ನ ಅತ್ತೆ ಒಬ್ಬರೇ.

“ಅಜ್ಜಿ, ಊರಲ್ಲಿ ಯಾರೂ ಕಾಣ್ತಿಲ್ಲ?”

“ಎಲ್ಲಾ ಹೋದ್ರಪ್ಪ.”

“ಅಯ್ಯೋ, ಎಲ್ರೂನಾ? ಹೇಗೆ?”

“ಒಂದೇ ಲಾರೀಲಿ. ಬೆಳಿಗ್ಗೆ ಬೆಳಿಗ್ಗೆನೇ.”

ಗಣತಿದಾರರು ಕಣ್ಣೊರೆಸಿಕೊಂಡರಂತೆ. “ಮತ್ತೆ ನೀವು?”

“ನಂದೇನಿದೆ, ಇವತ್ತೋ ನಾಳೆಯೋ ನಾನೂ ಹೊರಡೋಳೇ.”

ಹೀಗಾಗಿ ಅತ್ತೆಯನ್ನೂ ಲೆಕ್ಕದಿಂದ ಬಿಟ್ಟರು.

ಆಮೇಲೆ ಎಷ್ಟು ಸಲ ಬಂದರೂ ತಮ್ಮ ಗುಮಾಸ್ತರದು ಒಂದೇ ಮಾತು: “ಯಾರೂ ಇಲ್ಲದ ಊರು ಎಲ್ಲಿದ್ರೆ ಯಾರಿಗ್ರೀ ತೊಂದ್ರೆ?” ಹಾಗಾದರೆ ಮತ್ತೆ ಎಣಿಸಿ ಎಂದರೆ, ಗಣತಿದಾರರು ಇನ್ನು ಮುಂದೆ ಭೂಪಟದಲ್ಲಿರುವ ಜಾಗಕ್ಕೇ ಹೋಗಬೇಕೆಂದು ಆದೇಶವಾಗಿದೆಯಂತೆ. ಅಲ್ಲಿಗೆ ಹೋಗಲು ದೋಣಿ ಬೇಕು. ದೋಣಿ ಮಂಜೂರಾಗಿಲ್ಲ. ನಾವೇ ಕೆರೆಗೆ ಇಳಿದು ನಿಂತರೆ ಹೇಗೆ ಎಂದು ಊರಿನ ಸಭೆಯಲ್ಲಿ ಚರ್ಚೆಯಾಯಿತು. ಕ್ಷೌರಿಕರು ಮಾತ್ರ ಒಪ್ಪಲಿಲ್ಲ, ನೀರಲ್ಲಿ ಸೋಪು ನಿಲ್ಲುವುದಿಲ್ಲವಂತೆ.

ಇಷ್ಟು ಹೊತ್ತು ತಮಾಷೆಯಾಗಿ ಬರೆದೆ. ಈಗ ಹೆದರಿಕೆಯಿಂದ ಬರೆಯುತ್ತಿದ್ದೇನೆ. ನನ್ನ ಮಗಳಿಗೆ ದಿನ ತುಂಬುತ್ತಾ ಬಂದಿದೆ. ಮಗು ಅಡ್ಡಲಾಗಿ ಮಲಗಿದೆ, ನೋವು ಶುರುವಾದ ಕೂಡಲೇ ಆಂಬುಲೆನ್ಸಿಗೆ ಹೇಳಿ ಎಂದಿದ್ದಾರೆ ಡಾಕ್ಟರು. ಹೇಳುತ್ತೇನೆ, ಸ್ವಾಮಿ. ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ? ಮಗಳು ಆ ಮೇಜನ್ನು ನೋಡಿದಾಗಲೆಲ್ಲ ಮುಖ ತಿರುಗಿಸುತ್ತಾಳೆ.

ನಮ್ಮನ್ನು ಎಣಿಸುವುದೇ ಬೇಡ. ಸತ್ತವರಾಗಿಯೇ ಕಾಲ ಹಾಕುತ್ತೇವೆ, ನಮಗೇನೂ ಬೇಜಾರಿಲ್ಲ. ಆ ಚುಕ್ಕಿಯೊಂದನ್ನು ಬೆರಳಿನಷ್ಟು ಎಡಕ್ಕೆ ಸರಿಸಿ, ಈ ವಾರದೊಳಗೆ. ಕಚೇರಿಯಲ್ಲಿ ರಬ್ಬರ್ ಇಲ್ಲದಿದ್ದರೆ ತಿಳಿಸಿ, ನಾನೇ ತರುತ್ತೇನೆ.

ಇಂತಿ,
ತಮ್ಮ ಕಡತದಲ್ಲಿ ತೀರಿಕೊಂಡಿರುವ,
ಈ ತಿಂಗಳ ಕೊನೆಗೆ ತಾತನಾಗಬೇಕಿರುವ
ಊರಿನ ದರ್ಜಿ